ಹಲಸಂಗಿಯ ಮಧುರಚೆನ್ನರು

ವಿಜಾಪುರ ಜಿಲ್ಲೆಯ ಉತ್ತರದ ಮೇರೆಯಲ್ಲಿ, ಭೀಮಾನದಿಯಿಂದ ಈಚೆಗೆ, ಅಂದಿನ ಇಂಡಿ ತಾಲೂಕಿಗೆ ಸೇರಿದ ಹಲಸಂಗಿಯೆಂಬ ಗ್ರಾಮವುಂಟು. ಕಪ್ಪು ಎರೆಭೂಮಿ, ಹಿಂಗಾರಿಯ ಬಿಳಿಜೋಳ, ಮಳೆ ತಪ್ಪಿದ ವರ್ಷ ಕ್ಷಾಮ. ಆ ಸೀಮೆಯ ಹೊರವರ್ಣನೆಗೆ ಇಷ್ಟೇ ಸಾಕು. ಗೋಳಗುಮ್ಮಟವನ್ನು ನೋಡಲು ದೂರದೇಶಗಳಿಂದ ಬರುವ ಪ್ರವಾಸಿಕರು ಹಲಸಂಗಿಯ ಹೆಸರನ್ನು ಕೇಳದೆಯೇ ಹಿಂದಿರುಗುವರು. ಆದರೂ ಕನ್ನಡ ಸಾಹಿತ್ಯದ ಇತಿಹಾಸವನ್ನು ಬರೆಯ ಹೊರಟವರಾರೂ ಈ ಹಳ್ಳಿಯನ್ನು ಬಿಟ್ಟು ಮುಂದೆ ಹೋಗಲಾರರು. ಅದಕ್ಕೆ ಕಾರಣರಾದವರು ಮಧುರಚೆನ್ನರೆಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಚೆನ್ನಮಲ್ಲಪ್ಪ ಸಿದ್ಧಲಿಂಗಪ್ಪ ಗಲಗಲಿಯವರೂ ಅವರ ಕೆಲವರು ಮಿತ್ರರೂ.

ಇವರು ಕ್ರೈಸ್ತರಲ್ಲ. ಹೀಗಿರಲು ಮಿಶನ್ ಕನ್ಯಾಶಾಲೆಯ ಸಂಚಿಕೆಯಲ್ಲಿ ಇವರ ಚರಿತ್ರೆಗೆ ಸ್ಥಳವೇಕೆಂದು ಕೆಲವು ಭಗಿನಿಯರಾದರೂ ಕೇಳಬಹುದು. ನಾವು ದಿನವೂ ನಡೆಯುವ ದಾರಿಯಲ್ಲಿ ನಮ್ಮ ಕಾಲಿಗೆ ತೊಡರುವ ಒಂದು ಪ್ರಶ್ನೆಯನ್ನು ಇವರು ತಮ್ಮ ಬಾಳಿನಲ್ಲಿ ಎದುರಿಸಿದರು. ನಾನು ನಂಬುವದು ನನ್ನ ನಂಬಿಕೆಯೋ, ನನ್ನ ಸುತ್ತಲಿನ ನಾಲ್ಕು ಮಂದಿಯ ನಂಬಿಕೆಯೋ? ನಾನು ನಾಚುವದು ನಾಚತಕ್ಕ ವಿಷಯಕ್ಕೋ, ನಾಲ್ಕು ಮಂದಿ ನಾಚುವದಕ್ಕೋ? ಈ ನಾಲ್ಕು ಮಂದಿ ಯಾರೆಂದು ಯಾರೂ ಕಂಡವರಿಲ್ಲ. ಆದರೆ ಅವರ ಅಪ್ಪಣೆಯನ್ನು ಮೀರಿದವರೂ ನಮ್ಮಲ್ಲಿ ಬಹು ವಿರಳ.

ಚೆನ್ನಮಲ್ಲಪ್ಪನವರು 1903ನೆಯ ಇಸವಿ ಜುಲೈ 31ರಂದು ಇಂಡಿ ತಾಲೂಕಿನ ಹಿರೇಲೋಣಿಯಲ್ಲಿ ಜನಿಸಿದರು. ಲಿಂಗಾಯತ ಮನೆತನ, ಬಾಳೆಲ್ಲ ಹಲಸಂಗಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಮುಲ್ಕೀ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಮುಂಬಯಿ ಇಲಾಖೆಯ ಆ ಕಾಲದ ಹಳ್ಳಿಯಲ್ಲಿ ಮುಲ್ಕಿಯೆಂಬದು ಸಣ್ಣ ಮಾತಾಗಿರಲಿಲ್ಲ. ಅದನ್ನು ಮುಗಿಸಿದ ಹುಡುಗನಿಗೆ ಕನ್ನಡ ಶಾಲೆಯ ಮಾಸ್ತರಿಕೆಯೋ ತಲಾಠಿಯ ದಫ್ತರವೋ ದೊರೆಯುವದೆಂದು ಮನೆಯವರು ಆಶಿಸುವರು. ಅಲ್ಲಿಗೆ ವಿದ್ಯೆಯು ಕೊನೆಗಂಡಿತೆಂದು ಊರೆಲ್ಲ ಭಾವಿಸುವದು. ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ವಿವಾಹವೂ ಆಯಿತು. ಹೊರಗಿನಿಂದ ನೋಡಿದವರಿಗೆ ಈ ತರುಣನ ಬಾಳು ಊರು ಹಾಕಿಕೊಟ್ಟ ಗೆರೆಯಲ್ಲಿಯೇ ಸಾಗಿದಂತೆ ಕಾಣುತ್ತಿದ್ದಿರಬೇಕು.

ಆದರೆ ಓದು ನಿಲ್ಲಲಿಲ್ಲ. ಹೈಸ್ಕೂಲಿನ ಮೆಟ್ಟಿಲು ಹತ್ತದ ಈತನು ಇಂಗ್ಲಿಷ್ ಭಾಷೆಯನ್ನು ಸ್ವಪ್ರಯತ್ನದಿಂದ ಕಲಿತನು. ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿನಿಯರು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಗುರುಗಳಿಲ್ಲ, ತರಗತಿಯಿಲ್ಲ, ಪರೀಕ್ಷೆಯ ಭಯವಿಲ್ಲ, ಬಹುಮಾನದ ಆಶೆಯಿಲ್ಲ. ಜೊತೆಯಲ್ಲಿ ಓದುವವರ ಪೈಪೋಟಿಯೂ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಇವೆಲ್ಲವುಗಳ ನೂಕುನುಗ್ಗಲಿನಿಂದಲೇ ಮುಂದೆ ಸಾಗುತ್ತೇವೆ. ನೂಕುವವರು ಇಲ್ಲದಿದ್ದರೆ ಎಲ್ಲಿ ನಿಲ್ಲುತ್ತಿದ್ದೆವೋ ತಿಳಿಯದು.

ಆ ಗಡಿನಾಡಿನಲ್ಲಿ ಭಾಷೆಯ ವಿಷಯದಲ್ಲಿಯೂ ಒಂದು ಒತ್ತಾಯವಿತ್ತು. ಆಚೆಗೆ ಸೊಲ್ಲಾಪುರ, ಪಕ್ಕದಲ್ಲಿ ಜತ್ತ ಸಂಸ್ಥಾನ. ಕಚೇರಿಯ ಕಾಗದಗಳಲ್ಲಿಯೂ ಸಭ್ಯರ ಸಂಭಾಷಣೆಯಲ್ಲಿಯೂ ಮರಾಠಿಗೆ ಹೆಚ್ಚಿನ ಮಾನ. ಮನೆಯಲ್ಲಿ ಕನ್ನಡವಾಡುವವರೂ ಪೇಟೆಯಲ್ಲಿ ಅದನ್ನು ಮರೆಮಾಡಿ ನಡೆಯುತ್ತಿದ್ದರು. ಹೀಗೆ ಮಾಡೆಂದು ಅವರಿಗೆ ಯಾರೂ ಹೇಳಿದ್ದಿಲ್ಲ. ಎಲ್ಲರೂ ಹಾಗೆಯೇ ಮಾಡುತ್ತಿದ್ದುದರಿಂದ ಹೇಳುವ ಅವಶ್ಯಕತೆಯೂ ಇರಲಿಲ್ಲ. ಇದನ್ನು ಕದಲಿಸುವ ಕೆಲಸ 1890ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಪ್ರಾರಂಭವಾಗಿತ್ತು. 1917ರಲ್ಲಿ ಆಲೂರು ವೆಂಕಟರಾಯರ ಕರ್ನಾಟಕ ಗತವೈಭವವು ಪ್ರಕಟವಾಯಿತು. ವಿಜಾಪುರದಲ್ಲಿಯೇ ವಕೀಲರಾದ ಫ. ಗು. ಹಳಕಟ್ಟಿಯವರು ಶರಣರ ವಚನಗಳನ್ನು ತಾಳೆಯೋಲೆಗಳಿಂದ ಎತ್ತಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರಗೆಡಹಿದರು. ಈ ಗಾಳಿಯು ಹಲಸಂಗಿಯವರೆಗೂ ಬೀಸಿತು. ಚೆನ್ನಮಲ್ಲಪ್ಪನವರು ಕನ್ನಡದಲ್ಲಿಯೇ ಬರೆಯತೊಡಗಿದರು.

ಇಷ್ಟರಲ್ಲಿ ಅವರ ಅಂತರಂಗದಲ್ಲಿ ಒಂದು ದೊಡ್ಡ ಕ್ಷೋಭೆ ಉಂಟಾಯಿತು. ಬಾಲ್ಯದಿಂದ ಬಂದ ದೈವಭಕ್ತಿಯು ಸಡಿಲಿ, ದೇವರಿರುವನೋ ಇಲ್ಲವೋ ಎಂಬ ಸಂಶಯವು ಅವರನ್ನು ಹಿಡಿಯಿತು. ಸಂಶಯಪಟ್ಟವರು ಲೋಕದಲ್ಲಿ ಬಹಳ ಜನ. ಅವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಸುಲಭಮಾರ್ಗವನ್ನು ಹಿಡಿಯುವರು. ಹಳ್ಳಿಯಲ್ಲಿದ್ದರೆ ಹಿರಿಯರ ಅಂಜಿಕೆಯಿಂದ ಸಂಶಯವನ್ನು ನುಂಗಿಕೊಂಡು ಪೂಜೆಗೆ ಕುಳಿತುಕೊಳ್ಳುವರು. ಪಟ್ಟಣಕ್ಕೆ ಹೋಗಿ ಓದಿದರೆ ಓದಿದವರ ಅಂಜಿಕೆಯಿಂದ ಪೂಜೆಯನ್ನು ಬಿಡುವರು. ಎರಡನೆಯದನ್ನು ಸ್ವಾತಂತ್ರ್ಯವೆಂದು ಕರೆಯುವ ವಾಡಿಕೆಯಿದೆ. ರಷ್ಯಾದೇಶದ ಮಹಾಲೇಖಕ ಟಾಲ್‌ಸ್ಟಾಯನು 1880ರ ಸುಮಾರಿಗೆ ಬರೆದ ಆತ್ಮನಿವೇದನೆಯಲ್ಲಿ ಇಂಥ ಒಬ್ಬನ ವೃತ್ತಾಂತವುಂಟು. ಇಪ್ಪತ್ತಾರು ವರ್ಷದ ಆ ತರುಣನು ಬೇಟೆಗೆ ಹೋದಾಗ ರಾತ್ರಿ ಮಲಗುವ ಮುನ್ನ ಅಭ್ಯಾಸದಂತೆ ಮೊಣಕಾಲೂರಿ ಪ್ರಾರ್ಥಿಸಿದನು. ಹತ್ತಿರದಲ್ಲಿ ಮಲಗಿದ್ದ ಅವನ ಅಣ್ಣನು, ಇವನು ಇನ್ನೂ ಇದನ್ನು ಬಿಟ್ಟಿಲ್ಲವೇ ಎಂದು ಆಶ್ಚರ್ಯಪಟ್ಟನಷ್ಟೇ. ಬೇರೆ ಮಾತು ನಡೆಯಲಿಲ್ಲ, ವಾದವಾಗಲಿಲ್ಲ. ಅಂದಿನಿಂದ ಮೂವತ್ತು ವರ್ಷ ಆ ಮನುಷ್ಯನು ಪ್ರಾರ್ಥಿಸಲಿಲ್ಲ, ದೇವಾಲಯಕ್ಕೆ ಹೋಗಲಿಲ್ಲ. ಅಣ್ಣನ ಮತವೇನೆಂದು ಅವನು ಕೇಳಿ ಒಪ್ಪಿಕೊಂಡದ್ದೂ ಅಲ್ಲ.

ಚೆನ್ನಮಲ್ಲಪ್ಪನವರು ಈ ಎರಡು ಅಂಜಿಕೆಗಳಿಗೂ ಮಣಿಯಲಿಲ್ಲ. ದೇವರುಂಟೆಂದು ಊರು ಹೇಳಿದರೆ ಸಾಲದು. ಇಲ್ಲವೆಂದು ಪುಸ್ತಕಗಳು ಹೇಳಿದರೂ ಸಾಲದು. ತನಗೆ ತಾನೇ ಕಂಡಾಗಲೇ ಒಪ್ಪುವದೆಂಬ ಹಟವನ್ನು ಹಿಡಿದು ವರ್ಷಗಟ್ಟಲೆ ಬೆಂದರು. ಆ ಬೇಗೆಯನ್ನೂ ಅದರ ಶಮನವನ್ನೂ ಅವರು ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಗದ್ಯಗ್ರಂಥಗಳಲ್ಲಿ ತಾವೇ ಬರೆದಿಟ್ಟಿದ್ದಾರೆ. ಸಾಧಕನೊಬ್ಬನು ತನ್ನ ಅಪನಂಬಿಕೆಯನ್ನು ಮುಚ್ಚದೆ ಹೇಳಿಕೊಂಡ ಇಂಥ ಬರಹ ಆ ಕಾಲದ ಕನ್ನಡದಲ್ಲಿ ಅಪರೂಪ. ಹದಿನಾರನೆಯ ಶತಮಾನದ ಸ್ಪೇಯಿನ್ ದೇಶದಲ್ಲಿ ಶಿಲುಬೆಯ ಯೋಹಾನನೆಂಬ ಸಂತನು ಆತ್ಮದ ಕತ್ತಲೆಯ ರಾತ್ರಿಯನ್ನು ಕುರಿತು ಹಾಡಿದ್ದನ್ನು ನಮ್ಮಲ್ಲಿ ಹಿರಿಯ ತರಗತಿಯವರು ಕೇಳಿರಬಹುದು. ಆ ರಾತ್ರಿಗೂ ಹಲಸಂಗಿಯ ಕಾಳರಾತ್ರಿಗೂ ಹೆಸರಿನಲ್ಲಿ ಮಾತ್ರವಲ್ಲ, ಒಳಗಿನ ನೋವಿನಲ್ಲಿಯೂ ಸಂಬಂಧವಿರುವಂತೆ ನನಗೆ ತೋರುತ್ತದೆ. ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಅಜ್ಜಿಯ ಕಾಲದಿಂದ ಬಂದ ಪ್ರಾರ್ಥನೆಯನ್ನು ಬಾಯಿಪಾಠವಾಗಿ ಹೇಳುವ ನಮಗೂ ಆ ಪುಸ್ತಕಗಳು ಸ್ವಲ್ಪ ಅಹಿತವಾದ ಓದೇ ಸರಿ. ಅಹಿತವೆಂದು ಅವುಗಳನ್ನು ಕಪಾಟಿನಲ್ಲಿ ಮುಚ್ಚಿಡಬಾರದು.

ಚೆನ್ನಮಲ್ಲಪ್ಪನವರು ಒಂಟಿಯಾಗಿರಲಿಲ್ಲ. ಚಡಚಣದ ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಪಿ. ಧೂಲಾಸಾಹೇಬರು ಮೊದಲಾದವರು ಅವರ ಸುತ್ತಲೂ ಕೂಡಿದರು. ಈ ಕೂಟಕ್ಕೆ ಹಲಸಂಗಿಯ ಗೆಳೆಯರೆಂಬ ಹೆಸರು ನಿಂತಿತು. ಜಾತಿಯೊಂದಲ್ಲ, ಮತವೊಂದಲ್ಲ, ಒಂದು ಬಾವಿಯ ನೀರನ್ನು ಎಲ್ಲರೂ ಮುಟ್ಟಬಾರದೆಂಬ ಕಾಲದಲ್ಲಿ ಇವರು ಒಂದೇ ಪುಸ್ತಕದ ಮುಂದೆ ಕುಳಿತರು. ರೂಢಿಯನ್ನು ಎದುರಿಸಿದ ವೀರನನ್ನು ಒಬ್ಬಂಟಿಗನಾಗಿ ಚಿತ್ರಿಸುವದು ಜೀವನಚರಿತ್ರೆ ಬರೆಯುವವರ ಚಾಳಿ. ಆದರೆ ನಾಲ್ಕು ಮಂದಿಯ ಮಾತನ್ನು ಮೀರಬೇಕಾದವನಿಗೆ ಬೇರೆ ನಾಲ್ಕು ಮಂದಿಯಾದರೂ ಬೇಕಾಗುವರೆಂಬದನ್ನು ಹಲಸಂಗಿಯಲ್ಲಿ ಕಾಣಬಹುದು. ಧಾರವಾಡದಲ್ಲಿ ಗೆಳೆಯರ ಗುಂಪನ್ನು ಕಟ್ಟಿದ್ದ ದ. ರಾ. ಬೇಂದ್ರೆಯವರೂ ಇವರ ಆಪ್ತರಾದರು.

ಈಗ ಹೆಣ್ಣುಮಕ್ಕಳಾದ ನಮಗೆ ಮುಖ್ಯವಾದ ವಿಷಯಕ್ಕೆ ಬರುವೆನು.

ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುವದು, ರೊಟ್ಟಿ ತಟ್ಟಲು ಬರುವದಿಲ್ಲ. ಆದುದರಿಂದ ಆ ಸೀಮೆಯ ಮನೆಗಳಲ್ಲಿ ಬೀಸುವ ಕೆಲಸ ಹೆಚ್ಚುಕಡಿಮೆ ದಿನನಿತ್ಯದ್ದು. ಬೆಳ್ಳಿಚುಕ್ಕೆ ಮೂಡುವ ಹೊತ್ತಿಗೆ ಸೊಸೆಯಂದಿರು ಎದ್ದು, ಇಬ್ಬರಿಬ್ಬರು ಎದುರುಬದುರಾಗಿ ಕುಳಿತು, ಕಲ್ಲಿನ ಗೂಟವನ್ನು ಹಿಡಿದು ತಿರುಗಿಸುವರು. ಕಲ್ಲಿನ ತಿರುವಿಗೆ ಸರಿಯಾಗಿ ಹಾಡುವರು. ಮೊದಲು ಬೀಸುವ ಕಲ್ಲಿಗೇ ನಮಸ್ಕಾರ. ಆಮೇಲೆ ತವರುಮನೆ, ಪಂಚಮಿಗೆ ಕರೆಯಲು ಬರುವ ಅಣ್ಣ, ತೊಟ್ಟಿಲ ಕೂಸು, ಮಕ್ಕಳಿಲ್ಲದವಳ ಸಂಕಟ, ಅತ್ತೆಯ ಕಾಟ, ಗಂಡನ ಮುನಿಸು. ಹಗಲಿನಲ್ಲಿ ತಲೆಯೆತ್ತಿ ಮಾತಾಡದ ಸೊಸೆಯು ನಸುಕಿನಲ್ಲಿ ಕಲ್ಲಿನ ಸಪ್ಪಳದ ಮರೆಯಲ್ಲಿ ತನ್ನ ಮನಸ್ಸನ್ನೆಲ್ಲ ಬಿಚ್ಚುವಳು. ಅತ್ತೆಗೆ ಕೇಳಿಸಿದರೂ ಅದು ಹಾಡು, ಅವಳ ಮಾತಲ್ಲ. ತಪ್ಪು ಹಿಡಿಯಲು ಬಾರದು. ನಾಲ್ಕು ಮಂದಿಯ ಕಟ್ಟಳೆಯೊಳಗೇ ಉಳಿದು, ಆ ಕಟ್ಟಳೆಯು ತನಗೆ ಏನು ಮಾಡಿತೆಂಬದನ್ನು ಹೇಳಿಬಿಡುವ ಈ ಜಾಣ್ಮೆಯನ್ನು ಯಾವ ಪಾಠಶಾಲೆಯೂ ಅವರಿಗೆ ಕಲಿಸಿರಲಿಲ್ಲ.

ಹಾಡಿನ ಛಂದಸ್ಸು ತ್ರಿಪದಿ. ಮೂರು ಸಾಲು, ಹನ್ನೊಂದು ಗಣ. ಈ ತ್ರಿಪದಿ ನಿನ್ನೆ ಮೊನ್ನೆಯದಲ್ಲ. ಆಗ ವಿಜಾಪುರ ಜಿಲ್ಲೆಗೇ ಸೇರಿದ್ದ ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ಇದೇ ಛಂದಸ್ಸಿದೆ. ಪಂಡಿತರು ಬಂಡೆಯ ಮೇಲಿನ ತ್ರಿಪದಿಗೆ ತಲೆಬಾಗುವರು. ಅದೇ ತ್ರಿಪದಿ ತಮ್ಮ ಮನೆಯ ಪಡಸಾಲೆಯಲ್ಲಿ ತಾಯಿಯ ಬಾಯಲ್ಲಿ ಬಂದರೆ ಹೆಂಗಸರ ಹರಟೆಯೆಂದು ಮಗ್ಗುಲಾಗಿ ಮಲಗುವರು! ಇದರಲ್ಲಿ ಅವರ ದುಷ್ಟತನವೇನೂ ಇಲ್ಲ; ವಿದ್ಯಾವಂತನಾದವನು ಏನನ್ನು ಮೆಚ್ಚಬೇಕು, ಏನನ್ನು ಕಡೆಗಣಿಸಬೇಕು ಎಂಬದನ್ನು ಅವರು ಇತರ ವಿದ್ಯಾವಂತರಿಂದ ಕಲಿತಿದ್ದರು. ಹಳ್ಳಿಯವನು ಹಳ್ಳಿಯ ರೂಢಿಗೆ ದಾಸನೆಂದು ನಗುವ ನಾವು ಓದಿದವರ ರೂಢಿಯು ಅದಕ್ಕಿಂತ ಬಿಗಿಯಾದುದೆಂಬದನ್ನು ಮರೆಯುತ್ತೇವೆ.

ನಮ್ಮ ಮಿಶನರಿಗಳ ವಿಷಯವನ್ನೂ ಇಲ್ಲಿ ಹೇಳುವದು ನ್ಯಾಯ. ಬಾಸೆಲ್ ಮಿಶನ್ನಿನವರು 1851ರಲ್ಲಿ ಗುಳೇದಗುಡ್ಡದಲ್ಲಿಯೂ 1885ರಲ್ಲಿ ವಿಜಾಪುರದಲ್ಲಿಯೂ ನೆಲೆಯೂರಿದರು. ಮೋಗ್ಲಿಂಗ್ ಸಾಹೇಬರು ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ ಸಾಹೇಬರ 1894ರ ನಿಘಂಟಿನಲ್ಲಿ ಹಳ್ಳಿಗರ ಗಾದೆಗಳು ರಾಶಿರಾಶಿಯಾಗಿವೆ. ಸರಕಾರಿ ಅಧಿಕಾರಿಯಾಗಿದ್ದ ಫ್ಲೀಟ್ ಸಾಹೇಬರು ಲಾವಣಿಗಳನ್ನು ಬರೆದುಕೊಂಡು ಪ್ರಕಟಿಸಿದರು. ಇದೆಲ್ಲ ದೊಡ್ಡ ಉಪಕಾರವೇ. ಆದರೆ ದಾಸರ ಪದವಾಗಲಿ ವೀರರ ಲಾವಣಿಯಾಗಲಿ ಹೆಚ್ಚಾಗಿ ಗಂಡಸರ ಹಾಡು, ಮಂದಿಯ ಮುಂದೆ ಹಾಡುವ ಹಾಡು. ನಸುಕಿನ ಕತ್ತಲೆಯ ಹಾಡು ಕತ್ತಲೆಯಲ್ಲಿಯೇ ಉಳಿದಿತ್ತು.

ಹಲಸಂಗಿಯ ಗೆಳೆಯರು ಈ ಹಾಡುಗಳನ್ನು ಬರೆದುಕೊಳ್ಳತೊಡಗಿದರು. ಬರೆದುಕೊಳ್ಳುವದೆಂದರೆ ಎಷ್ಟು ಕಠಿಣವೆಂಬದನ್ನು ಊಹಿಸಿರಿ. ಗಂಡಸು ಬೀಸುವ ಕಲ್ಲಿನ ಬಳಿ ಕಾಗದ ಹಿಡಿದು ಕೂಡುವದು ಊರಿನ ದೃಷ್ಟಿಯಲ್ಲಿ ನಗೆಗೀಡು. ಪರಗಂಡಸಿನ ಮುಂದೆ ಹಾಡುವದು ಹೆಂಗಸಿಗೆ ಮರ್ಯಾದೆಯ ಪ್ರಶ್ನೆ. ಇದಲ್ಲದೆ ಈ ಹಾಡು ಕೈಕೆಲಸದ ಜೊತೆಗೆ ಬರತಕ್ಕದ್ದು. ಕಲ್ಲು ನಿಂತರೆ ಹಾಡೂ ನಿಲ್ಲುವದು, ಬರಿದೆ ಹೇಳೆಂದರೆ ನೆನಪಾಗದು. ಎರಡೂ ಕಡೆಯ ನಾಚಿಕೆಯನ್ನು ಗೆಲ್ಲದೆ ಒಂದು ತ್ರಿಪದಿಯೂ ಕಾಗದಕ್ಕೆ ಇಳಿಯಲಾರದು.

1931ರಲ್ಲಿ ಗರತಿಯ ಹಾಡು ಎಂಬ ಸಂಗ್ರಹವು ಹೊರಬಂದಿತು. ಕನ್ನಡದ ಮೊದಮೊದಲ ಜನಪದ ಗೀತಸಂಕಲನಗಳಲ್ಲಿ ಅದೊಂದು. ಬೇಂದ್ರೆಯವರು ಅದಕ್ಕೆ ಮುನ್ನುಡಿ ಬರೆದರು. 1933ರಲ್ಲಿ ಜೀವನಸಂಗೀತ, 1935ರಲ್ಲಿ ಮಲ್ಲಿಗೆ ದಂಡೆ ಬಂದವು. ವಿದ್ವಾಂಸರು ಬೆರಗಾದರು. ತಮ್ಮ ತಾಯಂದಿರು ದಿನವೂ ಹಾಡುತ್ತಿದ್ದುದನ್ನು ಅಚ್ಚಿನ ಅಕ್ಷರದಲ್ಲಿ ಕಂಡು, ಮುನ್ನುಡಿಯಲ್ಲಿ ಹೊಗಳಿದ್ದನ್ನು ಓದಿ, ಆಮೇಲೆ ಅನೇಕರು ಹೊಗಳತೊಡಗಿದರು. ಇದೂ ಒಂದು ಬಗೆಯ ಹಿಂಬಾಲಿಕೆಯೇ ಎಂದು ಹೇಳಿದರೆ ಕಟುವಾಗಬಹುದು. ಆದರೆ ಮೊದಲು ಹೊಗಳಿದ ಆ ಕೆಲವರು ಯಾರ ಮಾತನ್ನೂ ಕಾಯಲಿಲ್ಲವೆಂಬದು ಇದರಿಂದ ಇನ್ನಷ್ಟು ಸ್ಪಷ್ಟವಾಗುವದು.

ಗರತಿಯೆಂಬ ಹೆಸರಿನ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ತೊಡಕು ಉಳಿದಿದೆ. ಗರತಿಯೆಂದರೆ ನಾಲ್ಕು ಮಂದಿ ಒಪ್ಪಿದ ಮರ್ಯಾದಸ್ಥ ಗೃಹಿಣಿ. ಆ ಹೆಸರು ಇರದಿದ್ದರೆ ಈ ಪುಸ್ತಕವನ್ನು ಸಭ್ಯರ ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೋ ಇಲ್ಲವೋ. ಆದರೆ ಹಾಡುತ್ತ ಬೀಸುವ ಎಲ್ಲ ಕೈಗಳಿಗೂ ಗರತಿಯ ಪಟ್ಟ ದೊರೆತಿರಲಿಲ್ಲ. ರೂಢಿಯನ್ನು ಗೆದ್ದವರೂ ಗೆದ್ದುದನ್ನು ಲೋಕಕ್ಕೆ ಒಪ್ಪಿಸುವಾಗ ರೂಢಿಯಿಂದಲೇ ಒಂದು ಸೆರಗನ್ನು ಎರವಲು ತರಬೇಕಾಯಿತೆಂದು ತೋರುತ್ತದೆ. ಮತ್ತೊಂದು ಮಾತು. ಸಂಗ್ರಹಿಸಿದವರ ಹೆಸರು ನಮಗೆ ಗೊತ್ತು. ಈ ಲೇಖನದಲ್ಲಿ ನಾನೂ ಅವರನ್ನೇ ಹೆಸರಿಸಿದ್ದೇನೆ. ಹಾಡಿದ ಹೆಂಗಸರಲ್ಲಿ ಒಬ್ಬರ ಹೆಸರನ್ನೂ ನಾನು ಇಲ್ಲಿ ಬರೆಯಲಾರದೆ ಹೋದೆನು.

ಆ ಹೆಂಗಸರಿಂದ ಚೆನ್ನಮಲ್ಲಪ್ಪನವರು ಪಡೆದದ್ದು ಪುಸ್ತಕಕ್ಕೆ ಬೇಕಾದ ಸಾಮಗ್ರಿಯಷ್ಟೇ ಅಲ್ಲ. 1933ರಲ್ಲಿ ಅವರ ನನ್ನ ನಲ್ಲ ಎಂಬ ನೀಳ್ಗವನವು ಪ್ರಕಟವಾಯಿತು. ಅಲ್ಲಿ ದೇವರು ನಲ್ಲ. ಅವನನ್ನು ಅರಸುವ ಜೀವ ನಲ್ಲೆ. ಶರಣಸತಿ ಲಿಂಗಪತಿಯೆಂಬ ಭಾವವು ವಚನಕಾರರಲ್ಲಿ ಹಳೆಯದು; ಅಕ್ಕಮಹಾದೇವಿಯ ವಚನಗಳು ಎಲ್ಲರಿಗೂ ಪರಿಚಿತ; ಸತ್ಯವೇದದ ಪರಮಗೀತವನ್ನು ಬಲ್ಲ ನಮಗಂತೂ ಇದು ಅಪರಿಚಿತವಲ್ಲ. ಚೆನ್ನಮಲ್ಲಪ್ಪನವರ ವಿಶೇಷವೇನೆಂದರೆ, ದೇವರನ್ನು ಕಾಣುವ ತಮ್ಮ ಹಂಬಲವನ್ನು ಹೇಳಲು ಅವರು ಪಂಡಿತರ ಸಂಸ್ಕೃತಭೂಯಿಷ್ಠವಾದ ಪ್ರೌಢಶೈಲಿಯನ್ನು ಆರಿಸಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳ ನುಡಿಗೆ ಹತ್ತಿರವಾದ ಮೆದುವಾದ ಕನ್ನಡವನ್ನು ಆರಿಸಿದರು. ತವರಿನಿಂದ ಬರುವವನ ದಾರಿಯನ್ನು ಕಾಯುವ ಸೊಸೆಯ ಧ್ವನಿ ಅವರ ಕಿವಿಯಲ್ಲಿ ನಿಂತಿತ್ತೆಂದು ನಾನು ನಂಬುತ್ತೇನೆ. ಊರಿನ ರೂಢಿಯಿಂದ ಬಿಡುಗಡೆ ಬಯಸಿ ಹೊರಟವರು, ಆ ರೂಢಿಯ ಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತವರ ನುಡಿಯಲ್ಲಿ ತಮ್ಮ ದನಿಯನ್ನು ಕಂಡುಕೊಂಡರು.

ಮುಂದೆ ಅವರು ಪುದುಚ್ಚೇರಿಯ ಶ್ರೀ ಅರವಿಂದರ ಅನುಯಾಯಿಗಳಾದರು. 1926ರಿಂದೀಚೆಗೆ ಏಕಾಂತದಲ್ಲಿದ್ದ ಅರವಿಂದರು ವರ್ಷದಲ್ಲಿ ಕೆಲವೇ ದಿನ ದರ್ಶನ ಕೊಡುತ್ತಿದ್ದರು. ಎರೆನಾಡಿನ ಹಳ್ಳಿಯಿಂದ ಸಮುದ್ರತೀರದ ಆ ಫ್ರೆಂಚ್ ಪಟ್ಟಣಕ್ಕೆ ಚೆನ್ನಮಲ್ಲಪ್ಪನವರು ಹೋಗಿಬಂದರು. ಅರವಿಂದರ ವಿಚಾರಗಳನ್ನು ಕನ್ನಡಿಗರಿಗೆ ತಿಳಿಸಿದವರಲ್ಲಿ ಮೊದಲಿಗರೆನಿಸಿದರು. ಯಾರ ಮಾತನ್ನೂ ಪರೀಕ್ಷಿಸದೆ ಒಪ್ಪಲಾರೆನೆಂದವರು ಕಡೆಗೆ ಒಬ್ಬ ಗುರುವಿನ ಅಡಿಗೆ ತಲೆ ಬಾಗಿದರಲ್ಲ, ಒಂದು ಕಟ್ಟನ್ನು ಬಿಚ್ಚಿ ಇನ್ನೊಂದನ್ನು ಕಟ್ಟಿಕೊಂಡಂತಾಗಲಿಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ಸಣ್ಣದಲ್ಲ. ಕಾಳರಾತ್ರಿಯನ್ನು ದಾಟಿದ ಮೇಲೆ ಬಾಗಿದ ತಲೆಗೂ, ಹುಟ್ಟಿದಾಗಲೇ ಹಿರಿಯರು ಕೈಯಿಟ್ಟು ಬಾಗಿಸಿದ ತಲೆಗೂ ಅಂತರವಿದೆಯೆಂದು ನನ್ನ ಅಭಿಪ್ರಾಯ. ಆದರೆ ಆ ಅಂತರವು ಬಾಗಿದವನಿಗೆ ತಿಳಿಯುವಷ್ಟು ನೋಡುವವನಿಗೆ ತಿಳಿಯದು; ಆದುದರಿಂದ ಓದುವವರು ಅವರ ಗ್ರಂಥಗಳನ್ನು ನೋಡಿ ತಾವೇ ನಿರ್ಣಯಿಸತಕ್ಕದ್ದು.

ಅರವಿಂದರು 1950ನೆಯ ಡಿಸೆಂಬರ್ 5ರಂದು ದೇಹವಿಟ್ಟರು. ಚೆನ್ನಮಲ್ಲಪ್ಪನವರು 1953ನೆಯ ಆಗಸ್ಟ್ 15ರಂದು, ತಮ್ಮ ಗುರುವಿನ ಜನ್ಮದಿನದಂದೇ ತೀರಿಕೊಂಡರು. ಐವತ್ತು ವರ್ಷ ತುಂಬಿ ಎರಡು ವಾರವಾಗಿತ್ತು. ಲಿಂಗಣ್ಣನವರು ಬಹುಕಾಲ ಬಾಳಿ, 1993ರವರೆಗೆ ಜನಪದ ಸಾಹಿತ್ಯದ ಕೆಲಸವನ್ನು ನಡೆಸಿದರು.

ಹಿಟ್ಟಿನ ಗಿರಣಿಗಳು ಬಂದ ಮೇಲೆ ಬೀಸುವ ಕಲ್ಲುಗಳು ಹಿತ್ತಲನ್ನು ಸೇರಿದವು. ಸೊಸೆಯರ ರಟ್ಟೆಗೆ ವಿಶ್ರಾಂತಿ ದೊರೆತುದಕ್ಕೆ ಯಾರೂ ವ್ಯಸನಪಡಬೇಕಾದುದಿಲ್ಲ. ಹಾಡುಗಳು ಮಾತ್ರ ಈಗ ಪಠ್ಯಪುಸ್ತಕಗಳಿಗೆ ಬಂದಿವೆ. ಹಿಂದೆ ಓದಿದವರ ಮುಂದೆ ಹಾಡಲು ನಾಚುತ್ತಿದ್ದುದನ್ನು ಇಂದಿನ ಹುಡುಗಿಯರು ಅಂಕಗಳಿಗಾಗಿ ಬಾಯಿಪಾಠ ಮಾಡುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ವಸತಿಗೃಹದ ಹುಡುಗಿಯರಿಗೆ, ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯ ಹೆಂಗಸರಿಂದ ಹಾಡು ಬರೆದುಕೊಂಡು ಬನ್ನಿರೆಂದು ಹೇಳಿದ್ದೆನು. ಬಹಳ ಜನ ಮುದ್ರಿತ ಪುಸ್ತಕಗಳಿಂದಲೇ ಎತ್ತಿ ಬರೆದು ತಂದರು, ಎಲ್ಲರೂ ಅವೇ ಹಾಡುಗಳನ್ನು. ಒಬ್ಬ ಹುಡುಗಿ ಮಾತ್ರ ನಾಲ್ಕು ಪುಟ ತುಂಬ ನಾನೆಂದೂ ಕೇಳದ ತ್ರಿಪದಿಗಳನ್ನು ತಂದಳು. ಅವಳ ಅಜ್ಜಿ ಹಾಡಿದವು. ಪುಟದ ಕೆಳಗೆ ಅಜ್ಜಿಯ ಹೆಸರನ್ನು ಬರೆಯಲು ಹೇಳಿದಾಗ ಅವಳು ತಲೆ ತಗ್ಗಿಸಿ ನಿಂತಳು. ಹೆಸರು ಬರೆಯಬಾರದೆಂದು ಅಜ್ಜಿ ಹೇಳಿ ಕಳಿಸಿದ್ದಳಂತೆ. ಆ ಪುಟಗಳು ನನ್ನ ಬಳಿಯಲ್ಲಿವೆ. ಕೆಳಗಿನ ಸಾಲು ಖಾಲಿಯಾಗಿಯೇ ಇದೆ.